ಗುರುವಾರದ ಅಳತೆ

ಊರಿಗೆ ಒಬ್ಬನೇ ದರ್ಜಿ, ಊರಿಗೆ ಒಬ್ಬನೇ ಹೊರಗಿನವನು. ಇಬ್ಬರೂ ಒಬ್ಬನೇ ಆದದ್ದರಿಂದ ಜನಕ್ಕೆ ನೆನಪಿಟ್ಟುಕೊಳ್ಳುವುದು ಸುಲಭವಾಗಿತ್ತು. ಆರು ವರ್ಷದ ಹಿಂದೆ ಹಳೆಯ ದರ್ಜಿ ತೀರಿಕೊಂಡು, ಊರಿನ ದೊಡ್ಡ ಮನುಷ್ಯರೆಲ್ಲ ಪಿನ್ನು ಚುಚ್ಚಿಕೊಂಡ ಪ್ಯಾಂಟಿನಲ್ಲಿ ಓಡಾಡುವ ಗತಿ ಬಂದಾಗ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕರೆಸಿಕೊಂಡದ್ದು ಇವನನ್ನು. ಬಂದವನು ಬೇರೆ ದೇಶದವನು ಎಂದು ಗೊತ್ತಾದಾಗ ಒಂದು ವಾರ ಗುಸುಗುಸು ನಡೆಯಿತು. ಆಮೇಲೆ ಪ್ಯಾಂಟುಗಳು ಸೊಂಟದ ಮೇಲೆ ಸರಿಯಾಗಿ ಕೂತವು, ಗುಸುಗುಸು ನಿಂತಿತು. ಪಕ್ಕದೂರಿನವರ ಮುಂದೆ ‘ನಮ್ಮ ಹೊರಗಿನೋನು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವಷ್ಟು ಸಲಿಗೆಯೂ ಬೆಳೆಯಿತು.

ಅವರನ್ನು ಕೆಟ್ಟವರೆಂದರೆ ಬಾಯಲ್ಲಿ ಹುಳ ಬಿದ್ದೀತು. ಅವನಿಗೆ ಜ್ವರ ಬಂದರೆ ಎದುರುಮನೆಯವರು ಮಾತ್ರೆ ತಂದುಕೊಡುತ್ತಿದ್ದರು. ಅವನು ಯಾವ ಸೋಪು ಕೊಂಡ, ಎಷ್ಟು ಹೊತ್ತಿಗೆ ಬಾಗಿಲು ಹಾಕಿದ ಎನ್ನುವುದು ಇಡೀ ಬೀದಿಗೆ ಗೊತ್ತಿತ್ತು. ಆದರೆ ಆರು ವರ್ಷದಲ್ಲಿ ಅವನ ಜೊತೆ ಊರು ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೆ ಎರಡೇ ವಿಷಯ ಸಿಗುತ್ತಿದ್ದವು. ಒಂದು ಚಳಿ, ಇನ್ನೊಂದು ಪ್ಯಾಂಟಿನ ಉದ್ದ.

ಅದಕ್ಕೆ ಮುಂಚೆ ಅವನು ಮಹಾನಗರದಲ್ಲಿದ್ದ. ಉದ್ದನೆಯ ಹೊಲಿಗೆ ಹಾಲ್, ಹದಿನಾಲ್ಕು ಯಂತ್ರ, ಒಂಬತ್ತು ಭಾಷೆ. ಅಲ್ಲಿ ಯಾರೂ ಹೊರಗಿನವರಲ್ಲ, ಯಾಕೆಂದರೆ ಎಲ್ಲರೂ ಹೊರಗಿನವರೇ. ಮೇಲಿನ ಮಹಡಿಯವನು ಸತ್ತರೆ ಕೆಳಗಿನವನಿಗೆ ವಾಸನೆ ಬಂದಮೇಲೆ ತಿಳಿಯುವಂಥ ಜಾಗ. ಹಾಗಿದ್ದೂ ಅಲ್ಲಿ ಅವನಿಗೆ ಮಾತಿನ ಬರ ಇರಲಿಲ್ಲ. ಕಟಿಂಗ್ ಮಾಸ್ತರನೂ ಇಸ್ತ್ರಿಯವನೂ ಅವನ ಭಾಷೆಯವರು. ಮೂವರೂ ದಿನಾ ಮಧ್ಯಾಹ್ನ ಬುತ್ತಿ ಬಿಚ್ಚಿದೊಡನೆ ಜಗಳ ಶುರು ಮಾಡುತ್ತಿದ್ದರು. ಜಗಳದ ರುಚಿ ಸ್ವಂತ ಭಾಷೆಯಲ್ಲೇ ಇರುವುದು. ಬೇರೆಯವರ ಭಾಷೆಯಲ್ಲಿ ಮನುಷ್ಯ ಕ್ಷಮೆ ಕೇಳಬಲ್ಲ, ಅಷ್ಟೆ.

ಸಿದ್ಧ ಉಡುಪಿನ ಅಂಗಡಿಗಳು ಬಂದು ಹೊಲಿಗೆ ಹಾಲ್ ಮುಚ್ಚಿತು. ಜೊತೆಯವರು ದಿಕ್ಕಿಗೊಬ್ಬರಾದರು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ವೀಸಾದ ಕಾಗದಪತ್ರದ ನಡುವೆ ಸಿಕ್ಕಿ ಸತ್ತಿತ್ತು. ಈ ಊರಿಗೆ ಬಂದ ಮೇಲೆ ತನ್ನ ಭಾಷೆಯಲ್ಲಿ ಮಾತಾಡಲು ಉಳಿದದ್ದು ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದ ಅಕ್ಕ ಒಬ್ಬಳೇ. ಮೂರು ವರ್ಷದ ಹಿಂದೆ ಅವಳೂ ತೀರಿಕೊಂಡಳು. ಅಂದಿನಿಂದ ಅವನ ಭಾಷೆ ಅವನ ಬಾಯಿಂದ ಹೊರಗೆ ಬಂದಿರಲಿಲ್ಲ. ಒಂದೊಂದು ಸಲ ಸೂಜಿ ಚುಚ್ಚಿಕೊಂಡಾಗ ಒಂದು ಬೈಗುಳ ಬರುತ್ತಿತ್ತು. ಆ ನೋವಿಗೂ ಅವನು ಕೃತಜ್ಞನಾಗಿದ್ದ.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ ವೃದ್ಧಾಶ್ರಮದ ಹೆಡ್ ನರ್ಸ್, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್, ಅಂಗಡಿಗೆ ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ನರ್ಸುಗಳ ಸಮವಸ್ತ್ರ ಹೊಲಿಸಲು ವರ್ಷಕ್ಕೆರಡು ಸಲ ಬರುತ್ತಿದ್ದಳು, ಬಂದ ಕೆಲಸ ಮುಗಿಸಿ ಹೋಗುತ್ತಿದ್ದಳು. ಇವತ್ತು ಸ್ಟೂಲಿನ ಮೇಲೆ ಕೂತುಬಿಟ್ಟಳು.

“ಮಾಸ್ಟ್ರೇ, ಒಂದು ಉಪಕಾರ ಆಗ್ಬೇಕು. ನಮ್ಮಲ್ಲಿ ಒಬ್ಬರು ಅಜ್ಜಿ ಇದಾರೆ. ನಿಮ್ಮ ಕಡೆಯೋರು.”

“ನಮ್ಮ ಕಡೆಯೋರಾ?”

“ಹೂಂ, ಆ ಕಡೆಯೋರೇ” ಎಂದು ಸಿಸ್ಟರ್ ಕಿಟಕಿಯಾಚೆಗೆ ಕೈ ಬೀಸಿದಳು. ಆ ಒಂದು ಬೀಸಿಗೆ ಕಮ್ಮಿಯೆಂದರೂ ಏಳು ದೇಶ ಸಿಕ್ಕವು.

ಕಥೆ ಇಷ್ಟು. ಐವತ್ತು ವರ್ಷದ ಹಿಂದೆ ಈ ಊರಿನ ಲಾರಿ ಡ್ರೈವರೊಬ್ಬ ದೂರದೇಶದಿಂದ ಹೆಂಡತಿಯನ್ನು ಕಟ್ಟಿಕೊಂಡು ಬಂದಿದ್ದ. ಆಕೆ ಇಲ್ಲಿನ ಮಾತು ಕಲಿತು, ಇಲ್ಲಿನವರಿಗೇ ಚೌಕಾಸಿ ಹೇಳಿಕೊಡುವಷ್ಟು ಪಳಗಿದಳು. ಮಕ್ಕಳಾಗಲಿಲ್ಲ. ಡ್ರೈವರ್ ಸತ್ತ, ಆಕೆ ಆಶ್ರಮ ಸೇರಿದಳು. ಹೋದ ತಿಂಗಳು ಆಕೆಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಆದರೆ ಐವತ್ತು ವರ್ಷದ ಮಾತು ಸ್ಲೇಟು ಒರೆಸಿದ ಹಾಗೆ ಹೋಗಿ ತವರಿನ ಮಾತೊಂದೇ ಉಳಿಯಿತು.

“ನಮ್ಮ ಮಾತು ಹೇಳೋಕಂತೂ ಆಗಲ್ಲ, ಕೇಳಿದ್ರೂ ತಿಳಿಯಲ್ಲ” ಎಂದಳು ಸಿಸ್ಟರ್. “ಮೂರು ದಿನದಿಂದ ಬಟ್ಟೆ ಬದಲಿಸೋಕೂ ಬಿಡ್ತಿಲ್ಲ. ಮಾತು ಅರ್ಥ ಆಗದೋರನ್ನ ಇಟ್ಕೊಳ್ಳೋ ಹಾಗಿಲ್ಲ, ಮಹಾನಗರದ ಆಶ್ರಮಕ್ಕೆ ಕಳಿಸ್ಬೇಕು ಅಂತ ನಿಯಮ. ಅಲ್ಲಿ ಎಲ್ಲಾ ಭಾಷೆಯ ನರ್ಸುಗಳೂ ಇರ್ತಾರಂತೆ. ಆದ್ರೆ ಗಂಡನ ಸಮಾಧಿ ಇಲ್ಲಿದೆ. ಇಷ್ಟು ವರ್ಷ ನಮ್ಮೋರಾಗಿ ಇದ್ದೋರನ್ನ ಈಗ ಗಾಡಿಗೆ ಹಾಕಿ ಕಳಿಸೋಕೆ ನನಗೆ ಮನಸ್ಸು ಬರ್ತಿಲ್ಲ. ನೀವು ಬಂದು ಒಂದು ಮಾತಾಡ್ಸಿ.”

ಹಾಳೂರಿಗೆ ಉಳಿದವನೇ ಗೌಡ. ದರ್ಜಿ ಕೊರಳಲ್ಲಿದ್ದ ಟೇಪು ತೆಗೆಯುವುದನ್ನೂ ಮರೆತು ಸಿಸ್ಟರ್ ಹಿಂದೆ ಹೊರಟ. ಮೂರು ವರ್ಷದ ಮೇಲೆ ತನ್ನ ಭಾಷೆ ಕಿವಿಗೆ ಬೀಳಲಿತ್ತು. ಮೊದಲು ಏನು ಕೇಳಬೇಕು ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡ.

ಅಜ್ಜಿ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಅವಳು ಬಾಯಿ ಬಿಟ್ಟು ಮೊದಲ ಮಾತು ಆಡಿದ್ದೇ ದರ್ಜಿ ಹೊಂದಿಸಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ವ್ಯರ್ಥವಾದವು. ಅದು ಅವನ ಭಾಷೆಯಲ್ಲ. ಅವಳ ದೇಶಕ್ಕೂ ಅವನ ದೇಶಕ್ಕೂ ನಡುವೆ ಎರಡು ಗಡಿ, ಒಂದು ಬೆಟ್ಟಸಾಲು.

ಆದರೆ ಕಿವಿಗೆ ಪರಿಚಯದ ಭಾಷೆ. ಹೊಲಿಗೆ ಹಾಲ್‌ನಲ್ಲಿ ಅವನ ಪಕ್ಕದಲ್ಲಿ ಕೂತು ಕಾಜಾದ ತೂತು ಹಾಕಿ ಗುಂಡಿ ಹೊಲಿಯುತ್ತಿದ್ದ ಹೆಂಗಸಿನ ಭಾಷೆ ಅದು. ಎಲ್ಲರೂ ಅವಳನ್ನು ಕಾಜಾ ಅಕ್ಕ ಎನ್ನುತ್ತಿದ್ದರು. ಅವಳ ಕಡೆಯ ಹೆಂಗಸರು ಬಟ್ಟೆ ಹೊಲಿಸಲು ಬಂದಾಗ ಬೇಕಾಗುತ್ತದೆಂದು ಇವನಿಗೆ ಒಂದು ಮೂವತ್ತು ನಲವತ್ತು ಮಾತು ಕಲಿಸಿದ್ದಳು. ಕೈ ಎತ್ತಿ. ತಿರುಗಿ. ಉಸಿರು ಬಿಡಿ. ಬಿಗಿಯೋ, ಸಡಿಲವೋ? ಚೆನ್ನಾಗಿ ಕೂತಿದೆ. ಕೊನೆಗೆ, ದರ್ಜಿಯಾದವನಿಗೆ ಎಲ್ಲ ಭಾಷೆಯಲ್ಲೂ ಬಾಯಿಪಾಠ ಇರಲೇಬೇಕಾದ ಸುಳ್ಳು: ಗುರುವಾರ ಬನ್ನಿ.

ಬೇರೇನೂ ಹೊಳೆಯದೆ ಅವನು ಅವಳ ಭಾಷೆಯಲ್ಲಿ ಹೇಳಿದ: “ಕೈ ಎತ್ತಿ.”

ಅಜ್ಜಿ ಅವನ ಮುಖ ನೋಡಿದಳು, ಕೊರಳಲ್ಲಿದ್ದ ಟೇಪು ನೋಡಿದಳು. ಒಂದು ಕೈ ಪೂರ್ತಿ, ಒಂದು ಕೈ ಅರ್ಧ, ಎರಡನ್ನೂ ಎತ್ತಿದಳು. ಅವನು ಮರ್ಯಾದೆಯಾಗಿ ದೂರದಿಂದಲೇ ಟೇಪು ಸುತ್ತಿ ಅಳತೆ ತೆಗೆದುಕೊಂಡು ಆಚೆಗೆ ಬಂದ. ಕೈ ಇಳಿಸುವ ಮೊದಲೇ ನರ್ಸುಗಳು ಹಳೆಯ ಅಂಗಿ ತೆಗೆದು ಹೊಸದು ತೊಡಿಸಿದರು. ಮೂರು ದಿನದ ಯುದ್ಧ ಎರಡು ನಿಮಿಷಕ್ಕೆ ಮುಗಿಯಿತು.

ಅಂಗಿ ಬದಲಾದ ಮೇಲೆ ಅವನನ್ನು ಮತ್ತೆ ಒಳಗೆ ಕರೆದರು. ಅಜ್ಜಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಏನೋ ಉದ್ದಕ್ಕೆ ಹೇಳಿದಳು. ಕಣ್ಣಲ್ಲಿ ನೀರಿತ್ತು.

“ಏನಂತಾರೆ ಮಾಸ್ಟ್ರೇ?” ಎಂದಳು ಸಿಸ್ಟರ್.

ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಲ್ಕು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಕೆನ್ನೆಯ ಮೇಲೆ ಕೈಯಿಟ್ಟು ಕೂತ ಹೆಂಗಸು ಇನ್ನೇನು ಹೇಳಿಯಾಳು?

“ಊರು ನೆನಪಾಗ್ತಿದೆಯಂತೆ” ಎಂದ.

“ಪಾಪ” ಎಂದ ಸಿಸ್ಟರ್ ಅವನಿಗೊಂದು ಕುರ್ಚಿ ಎಳೆದುಕೊಟ್ಟಳು. “ಊರಲ್ಲಿ ಏನು ನೆನಪಾಗ್ತದಂತೆ?”

ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಈಗಲೂ ಕೇಳಿದ್ದು ಅವನಿಗಲ್ಲ. ಆದರೂ ಉತ್ತರ ಅವನ ಗಂಟಲಲ್ಲಿ ಕಾದು ಕೂತಿದ್ದಂತೆ ಹೊರಗೆ ಬಂತು. ಹಿತ್ತಲಲ್ಲಿ ಒಂದು ಬಾವಿಯಂತೆ. ರಾಟೆ ಕಿರುಗುಟ್ಟಿದರೆ ಮೂರು ಮನೆಗೆ ಕೇಳಿಸುತ್ತಿತ್ತಂತೆ. ಅಕ್ಕ ಬೇಕೆಂದೇ ಬಿಂದಿಗೆಯನ್ನು ಬಾವಿಗೆ ಬಿಟ್ಟು ‘ತಾನಾಗೇ ಬಿತ್ತು’ ಎನ್ನುತ್ತಿದ್ದಳಂತೆ, ಬೈಗುಳ ಮಾತ್ರ ಇವಳಿಗೆ ಬೀಳುತ್ತಿತ್ತಂತೆ. ನರ್ಸುಗಳು ನಕ್ಕರು. ಅಜ್ಜಿ ಯಾರು ಯಾಕೆ ನಗುತ್ತಿದ್ದಾರೆಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಅಲ್ಲಿಂದ ಪ್ರತಿ ಗುರುವಾರ ನಾಲ್ಕು ಗಂಟೆಗೆ ದರ್ಜಿ ಆಶ್ರಮದಲ್ಲಿರುತ್ತಿದ್ದ. ಮಾಡುವುದು ಒಂದೇ ಕೆಲಸ, ಅಳತೆ ತೆಗೆಯುವುದು. ಅವನಿಗೆ ಬರುತ್ತಿದ್ದ ಮಾತೇ ಅಷ್ಟು. ಎದೆ, ಸೊಂಟ, ತೋಳು, ಉದ್ದ ಎಂದು ಅಳೆದು, ಅಳತೆ ಪುಸ್ತಕದಲ್ಲಿ ಬರೆದುಕೊಂಡು, ಕೊನೆಗೆ ಗುರುವಾರ ಬನ್ನಿ ಎನ್ನುತ್ತಿದ್ದ. ಎರಡನೆಯ ವಾರವೇ ಅಜ್ಜಿ ತನ್ನ ಟ್ರಂಕಿನಿಂದ ಕಡುನೀಲಿ ಬಟ್ಟೆಯೊಂದನ್ನು ತೆಗೆದು ಅವನ ತೊಡೆಯ ಮೇಲಿಟ್ಟಿದ್ದಳು. ಡ್ರೈವರ್ ಯಾವ ಕಾಲದಲ್ಲೋ ತಂದುಕೊಟ್ಟದ್ದು, ಮಡಿಕೆಯಲ್ಲಿ ಬಣ್ಣ ಮಾಸಿತ್ತು. ಅದರಲ್ಲೊಂದು ಉದ್ದನೆಯ ಗೌನು ಹೊಲಿಯಲು ಎರಡು ದಿನ ಸಾಕಿತ್ತು. ಅವನು ಹೊಲಿಯಲಿಲ್ಲ. ಗೌನು ಮುಗಿದರೆ ಅಳತೆ ಮುಗಿಯುತ್ತದೆ, ಅಳತೆ ಮುಗಿದರೆ ಗುರುವಾರ ಮುಗಿಯುತ್ತದೆ.

ಅಳತೆಯಾದ ಮೇಲೆ ಅಜ್ಜಿ ಕೆನ್ನೆಗೆ ಕೈಯಿಟ್ಟು ಅದೇ ಮಾತನ್ನು ಹೇಳುತ್ತಿದ್ದಳು, ಇವನು ಕಥೆ ಮುಂದುವರಿಸುತ್ತಿದ್ದ. ಒಂದು ವಾರ ಬಾವಿಗೆ ಬಿದ್ದ ಕೋಳಿ, ಒಂದು ವಾರ ಅಕ್ಕನ ಉದ್ದ ಜಡೆ, ಕೊನೆಕೊನೆಗೆ ಊರು ಬಿಟ್ಟ ದಿನ ಬಾವಿಯ ಹತ್ತಿರ ನಿಂತಿದ್ದ ಅಕ್ಕ. ನರ್ಸುಗಳು ಕೈಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ದೊಡ್ಡ ಸಿಸ್ಟರ್ ಅವನಿಗೆಂದೇ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಸುತ್ತಿದ್ದಳು. ಸುಳ್ಳಿನ ಗಾಡಿಗೆ ಒಮ್ಮೆ ಹತ್ತಿದವನಿಗೆ ಇಳಿಯುವ ನಿಲ್ದಾಣ ಸಿಗುವುದಿಲ್ಲ. ಆಶ್ರಮದ ಸಮಿತಿಯಿಂದ ಒಬ್ಬರು ಬಂದು “ಆಕೆ ಹೇಳೋದೆಲ್ಲ ನಿಮಗೆ ಅರ್ಥ ಆಗುತ್ತಾ?” ಎಂದು ಕೇಳಿದಾಗ ಅವನು “ಎಲ್ಲಾ ಆಗುತ್ತೆ” ಎಂದು ಸಹಿ ಹಾಕಿದ. ಮಹಾನಗರದಲ್ಲಿ ಆಕೆಯ ಭಾಷೆಯ ನರ್ಸು ಮಾತ್ರವಲ್ಲ, ಆಕೆಯ ಭಾಷೆಯ ಒಂದು ಇಡೀ ಬೀದಿಯೇ ಇದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದ.

ಅಜ್ಜಿ ಊಟ ಬಿಡುತ್ತಾ ಬಂದಳು. ಬ್ರೆಡ್ಡನ್ನು ಹಾಲಲ್ಲಿ ಅದ್ದಿಕೊಟ್ಟರೂ ಎರಡು ತುಣುಕು. ಬಾಯಿ ತೆರೆಸಿ ನೋಡಲು ಹೋದರೆ ತುಟಿ ಬಿಗಿ ಹಿಡಿಯುತ್ತಿದ್ದಳು. ಡಾಕ್ಟರು ಬಂದು ವಿಚಾರಿಸಿದರು. ಊರಿನ ಚಿಂತೆಯಂತೆ, ಮಾಸ್ಟ್ರು ಹೇಳಿದರು ಎಂದಾಗ ತಲೆಯಾಡಿಸಿ ಮನಸ್ಸಿಗೆ ಸಮಾಧಾನವಾಗುವ ಮಾತ್ರೆ ಬರೆದುಕೊಟ್ಟರು.

ಎಂಟನೆಯ ಗುರುವಾರ ಹೊರಡುವಾಗ ಸಿಸ್ಟರ್ ಬಾಗಿಲ ತನಕ ಬಂದಳು. “ಮಾಸ್ಟ್ರೇ, ಆ ಗೌನು ಹೊಲಿದುಬಿಡಿ. ಅಜ್ಜಿ ಇಳಿದು ಹೋಗ್ತಿದಾರೆ. ಆಸೆ ಪಟ್ಟಿದ್ದು ಮೈಮೇಲೆ ಹಾಕ್ಕೊಳ್ಳಲಿ.”

ಮರುದಿನ ಬೆಳಗ್ಗೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣ ಕೈಲಿ ಹಿಡಿದು, ಅಳತೆ ಪುಸ್ತಕ ತೆರೆದ. ಒಂದರ ಕೆಳಗೆ ಒಂದು ಎಂಟು ಗುರುವಾರಗಳಿದ್ದವು. ವಾರವಾರವೂ ಬರೆದಿದ್ದ, ಒಟ್ಟಿಗೆ ಒಂದು ಸಲವೂ ಓದಿರಲಿಲ್ಲ. ಎದೆ ಮೂವತ್ತಾರು. ಮೂವತ್ತೈದೂವರೆ. ಮೂವತ್ತೈದು. ಮೂವತ್ತನಾಲ್ಕು. ಹಾಗೇ ಇಳಿಯುತ್ತಾ ನಿನ್ನೆಗೆ ಮೂವತ್ತೊಂದು. ತೋಳಿನ ಉದ್ದ ಮಾತ್ರ ಅಷ್ಟೇ ಇತ್ತು. ಅವನು ಹೇಳಿದ ಕಥೆಗಳ ಪಕ್ಕದಲ್ಲಿ ಅವನದೇ ಟೇಪು ಎಂಟು ವಾರದಿಂದ ನಿಜ ಬರೆಯುತ್ತಾ ಬಂದಿತ್ತು.

ಇವಳು ಊರಿನ ನೆನಪಿಗೆ ಸೊರಗುತ್ತಿಲ್ಲ ಎಂದು ಆಗ ಅವನಿಗೆ ಹೊಳೆಯಿತು. ಊರಿನ ನೆನಪು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೆ ಅಂಗುಲ ಇಳಿಯುವುದಾಗಿದ್ದರೆ ಆರು ವರ್ಷದಲ್ಲಿ ಅವನೇ ದಾರದಷ್ಟು ಆಗಬೇಕಿತ್ತು.

ಅಂಗಡಿ ಹಾಗೇ ಬಿಟ್ಟು ಆಶ್ರಮಕ್ಕೆ ಓಡಿದ. ಅಂಗಳದಲ್ಲೇ ನಿಂತು ಕಾಜಾ ಅಕ್ಕನಿಗೆ ಫೋನು ಹಚ್ಚಿದ. ವರ್ಷಕ್ಕೊಮ್ಮೆ ಕ್ಷೇಮ ಕೇಳುವಷ್ಟು ನಂಟು ಅವಳ ಜೊತೆ ಇನ್ನೂ ಉಳಿದಿತ್ತು.

“ಏನೋ ತಮ್ಮ, ಬದುಕಿದೀಯಾ?” ಎಂದಳು, ಇಬ್ಬರಿಗೂ ಬರುವ ಇಲ್ಲಿನ ಮಾತಿನಲ್ಲಿ.

“ಅಕ್ಕ, ಒಬ್ಬರ ಹತ್ರ ಮಾತಾಡು. ನಿಮ್ಮೋರು” ಎಂದು, ಒಳಗೆ ಹೋಗಿ ಫೋನನ್ನು ಅಜ್ಜಿಯ ಕಿವಿಗೆ ಹಿಡಿದ.

ಮೊದಲು ಅಜ್ಜಿ ಬೆಚ್ಚಿಬಿದ್ದಳು. ಆಮೇಲೆ ಎರಡೂ ಕೈಯಲ್ಲಿ ಫೋನನ್ನು ಕಿತ್ತುಕೊಂಡಳು. ಮಾತಾಡಿದಳು, ಬೈದಳು, ಅತ್ತಳು, ನಡುವೆ ಒಮ್ಮೆ ನಕ್ಕೂಬಿಟ್ಟಳು. ಅವಳ ನಗು ಹೇಗಿರುತ್ತದೆಂದು ದರ್ಜಿ ನೋಡಿಯೇ ಇರಲಿಲ್ಲ. ಅರ್ಧ ಗಂಟೆ ಗೋಡೆಗೆ ಒರಗಿ ನಿಂತು ಅವನು ಅದನ್ನು ನೋಡಿದ. ತಾನು ಎರಡು ತಿಂಗಳು ಅವಳಿಂದ ಏನನ್ನು ಮುಚ್ಚಿಟ್ಟಿದ್ದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಫೋನು ಕೈಗೆ ಬಂದಾಗ ಕಾಜಾ ಅಕ್ಕ ಸಿಟ್ಟಿನಲ್ಲಿದ್ದಳು. “ಹಲ್ಲುನೋವು ಕಣೋ ಅವರಿಗೆ. ಕೆಳಗಿನ ದವಡೆ ಹಲ್ಲು ಮುರಿದು ಒಸಡಿಗೆ ಚುಚ್ಚುತಿದೆಯಂತೆ. ಎರಡು ತಿಂಗಳಿಂದ ಕೆನ್ನೆ ಹಿಡ್ಕೊಂಡು ಹೇಳ್ತಾನೇ ಇದಾರಂತೆ, ಎಲ್ಲರೂ ಕೂತ್ಕೊಂಡು ನಗ್ತಾರಂತೆ. ಅಲ್ಲಿ ಕಿವಿ ಇರೋರು ಯಾರೂ ಇಲ್ವೇನೋ?”

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

“ಇನ್ನೊಂದು ಹೇಳಿದ್ರು. ಒಬ್ಬ ದರ್ಜಿ ಬರ್ತಾನಂತೆ, ವಾರ ವಾರ ಅಳತೆ ತಗೋತಾನಂತೆ, ಬಟ್ಟೆ ಮಾತ್ರ ಕಾಣಲ್ವಂತೆ. ಅದು ನೀನೇ ಅಂತ ನಾನು ಹೇಳೋಕೆ ಹೋಗ್ಲಿಲ್ಲ.”

ಅವತ್ತೇ ಹಲ್ಲಿನ ಡಾಕ್ಟರನ್ನು ಕರೆಸಿದರು. ಎರಡು ಹಲ್ಲು ಕಿತ್ತರು, ಕೀವು ತೆಗೆದರು. ಮೂರನೆಯ ದಿನ ಅಜ್ಜಿ ಒಂದು ತಟ್ಟೆ ಊಟ ಮುಗಿಸಿ ಇನ್ನಷ್ಟು ಬೇಕೆಂದು ತಟ್ಟೆ ಮುಂದಕ್ಕೆ ತಳ್ಳಿದಳು. ದೊಡ್ಡ ಸಿಸ್ಟರ್ ಸ್ವತಃ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

“ನೀವಿದ್ದದ್ದಕ್ಕೆ ಗೊತ್ತಾಯ್ತು ಮಾಸ್ಟ್ರೇ. ಪಾಪ, ಇಷ್ಟು ದಿನ ಯಾಕೆ ಹೇಳ್ಲಿಲ್ವೋ ಅಜ್ಜಿ. ಇನ್ನು ಚಿಂತೆ ಇಲ್ಲ. ನೀವಿರೋ ತನಕ ಆಕೆ ಇಲ್ಲೇ ಇರಲಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ದರ್ಜಿಯ ಕೈ ಕೊರಳ ಟೇಪಿಗೆ ಹೋಯಿತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಮುಂದಿನ ಗುರುವಾರವೂ ಕುರ್ಚಿ ಇರುತ್ತಿತ್ತು, ಚಹಾ ಇರುತ್ತಿತ್ತು.

“ಅಜ್ಜಿ ಹೇಳಿದ್ರು ಸಿಸ್ಟರ್. ಮೊದಲನೇ ದಿನದಿಂದ ಹೇಳ್ತಾ ಇದ್ರು” ಎಂದ. “ನನಗೆ ಅವರ ಭಾಷೆ ಬರಲ್ಲ. ಕೈ ಎತ್ತಿ, ತಿರುಗಿ, ಅಷ್ಟೇ ಬರೋದು.”

ಸಿಸ್ಟರ್ ಅವನನ್ನೇ ನೋಡಿದಳು. “ಹಾಗಾದ್ರೆ ಆ ಬಾವಿ?”

“ನಮ್ಮನೇದು.”

“ಅಕ್ಕ?”

“ನನ್ನ ಅಕ್ಕ.”

ಸಿಸ್ಟರ್ ಎದ್ದು ನಿಂತಳು. “ಹಲ್ಲುನೋವಿಗೆ ಇಷ್ಟು ದಿನ ಮನಸ್ಸಿನ ಮಾತ್ರೆ ನುಂಗ್ಸಿದೀವಿ ಮಾಸ್ಟ್ರೇ. ನಾನು ನನ್ನ ಕೈಯಾರೆ ನುಂಗ್ಸಿದೀನಿ.” ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿಯನ್ನು ಕರೆದೊಯ್ಯಲು ಮಹಾನಗರದ ಆಶ್ರಮದಿಂದ ಮುಂದಿನ ಸೋಮವಾರ ಗಾಡಿ ಬರುವುದೆಂದು ಗೊತ್ತಾಯಿತು. ದರ್ಜಿ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ನೀಲಿ ಬಟ್ಟೆಗೆ ಕತ್ತರಿ ಹಾಕಿದ. ಕತ್ತರಿಸಿದ್ದು ಕೊನೆಯ ಗುರುವಾರದ ಅಳತೆಗಲ್ಲ, ಮೊದಲನೆಯದಕ್ಕೆ. ಉಂಡು, ಮಾತಾಡಿ, ಮತ್ತೆ ಅಷ್ಟು ತುಂಬಿಕೊಳ್ಳುತ್ತಾಳೆ ಎಂದು ಅವನ ಲೆಕ್ಕ. ಕಾಜಾಗಳನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹಾಕಿದ. ಮೂವತ್ತು ವರ್ಷದ ಕಸುಬಿನಲ್ಲಿ ಹೇಳಿದ ದಿನಕ್ಕೆ ಮುಂಚೆ ಮುಗಿಸಿದ ಬಟ್ಟೆ ಅದೊಂದೇ.

ಸೋಮವಾರ ಬೆಳಗ್ಗೆ ಅಜ್ಜಿಯನ್ನು ಆ ಗೌನಿನಲ್ಲೇ ಕರೆತಂದರು. ಹೆಗಲು ಜಾರುತ್ತಿತ್ತು, ಸೊಂಟದಲ್ಲಿ ಇನ್ನೊಬ್ಬಳು ಹಿಡಿಸುವಷ್ಟು ಜಾಗವಿತ್ತು. ಅವಳು ಗಾಡಿಯ ಬಾಗಿಲಲ್ಲಿ ನಿಂತು, ಬಟ್ಟೆಯನ್ನು ಎರಡು ಬೆರಳಲ್ಲಿ ಎಳೆದು ತೋರಿಸಿ, ಅವನಿಗೆ ಗೊತ್ತಿದ್ದ ಒಂದು ಮಾತು ಹೇಳಿದಳು.

“ಸಡಿಲ.”

“ಗುರುವಾರ ಬನ್ನಿ” ಎಂದ ಅವನು, ಅವಳ ಭಾಷೆಯಲ್ಲಿ.

ಅಜ್ಜಿ ನಕ್ಕಳು. ಅವನ ಕೈ ಹಿಡಿದು ಇನ್ನೂ ಏನೋ ಉದ್ದಕ್ಕೆ ಹೇಳಿದಳು. ಒಂದು ಅಕ್ಷರವೂ ಅವನಿಗೆ ತಿಳಿಯಲಿಲ್ಲ. ಸುತ್ತ ನಿಂತವರಲ್ಲಿ ಯಾರೂ ಏನಂತಾರೆ ಎಂದು ಕೇಳಲೂ ಇಲ್ಲ. ಗಾಡಿ ಹೊರಟಿತು.

ಊರಲ್ಲಿ ಮತ್ತೆ ಒಂದು ವಾರ ಗುಸುಗುಸು ನಡೆಯಿತು. ಆಮೇಲೆ ಶಾಲೆ ಶುರುವಾಗುವ ಕಾಲ ಬಂತು, ಸಮವಸ್ತ್ರಗಳ ರಾಶಿ ಬಿತ್ತು, ಜನ ಚಳಿಯ ಬಗ್ಗೆಯೂ ಉದ್ದದ ಬಗ್ಗೆಯೂ ಮಾತಾಡತೊಡಗಿದರು. ಗುರುವಾರ ನಾಲ್ಕು ಗಂಟೆಗೆ ಅವನು ಅಭ್ಯಾಸಬಲದಿಂದ ಎದ್ದು ಬಾಗಿಲ ತನಕ ಹೋಗಿ, ವಾಪಸು ಬಂದು ಕೂರುತ್ತಿದ್ದ.

ಸುಮಾರು ಒಂದು ತಿಂಗಳ ಮೇಲೆ ದೊಡ್ಡ ಸಿಸ್ಟರ್ ಬಂದಳು. ಗಂಡನ ಪ್ಯಾಂಟೊಂದನ್ನು ಮೇಜಿನ ಮೇಲಿಟ್ಟು “ಎರಡು ಅಂಗುಲ ಕಮ್ಮಿ ಮಾಡ್ಬೇಕು” ಎಂದಳು. ಅವನು ಅಳತೆ ಪುಸ್ತಕ ತೆರೆದ. ಅವಳು ಹೋಗಲಿಲ್ಲ.

“ಅಜ್ಜಿ ಚೆನ್ನಾಗಿದಾರಂತೆ. ಗೌನು ಈಗ ಸರಿಯಾಗಿ ಕೂರ್ತಿದೆಯಂತೆ.”

“ಒಳ್ಳೇದಾಯ್ತು.”

ಅವಳು ಪ್ಯಾಂಟಿನ ಮಡಿಕೆಯನ್ನು ಸರಿಮಾಡುತ್ತಾ ನಿಂತಳು. “ಮಾಸ್ಟ್ರೇ, ಒಂದು ಕೇಳ್ಲಾ? ಆ ಕಥೆ ಅರ್ಧಕ್ಕೇ ನಿಂತುಹೋಯ್ತು. ಊರು ಬಿಟ್ಟ ದಿನ ಅಕ್ಕ ಬಾವಿ ಹತ್ರ ನಿಂತಿದ್ಲು ಅಂದಿದ್ರಿ. ಅವಳು ಏನಂದ್ಲು?”

ಅವನು ಬಾಯಿ ತೆರೆದ. ಅಜ್ಜಿಯ ಹೆಸರಲ್ಲಿ ನೀರಿನಂತೆ ಹರಿದಿದ್ದ ಕಥೆ, ತನ್ನ ಹೆಸರಲ್ಲಿ ಹೇಳಬೇಕೆಂದಾಗ ಹೊರಡಲೇ ಇಲ್ಲ. ಎರಡು ಸಲ ಪ್ರಯತ್ನಿಸಿದ. ಕೊನೆಗೆ ಚೀಟಿ ಹರಿದು ಅವಳ ಮುಂದಿಟ್ಟ.

“ಗುರುವಾರ ಬನ್ನಿ ಸಿಸ್ಟರ್.”

“ಪ್ಯಾಂಟಿಗೋ, ಮಾತಿಗೋ?” ಎಂದಳು. ಉತ್ತರಕ್ಕೆ ಕಾಯದೆ ಚೀಟಿಯನ್ನು ಮಡಚಿ ಪರ್ಸಿನೊಳಗಿಟ್ಟುಕೊಂಡು ಹೋದಳು. ದರ್ಜಿಯ ಗುರುವಾರ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಅವಳು ಬೀದಿಯ ತಿರುವು ದಾಟುವ ತನಕ ಅವನು ಕಾದ. ಆಮೇಲೆ ಯಂತ್ರದ ಮುಂದೆ ಕೂತು, ಅಕ್ಕ ಅವತ್ತು ಬಾವಿಯ ಹಗ್ಗ ಹಿಡಿದುಕೊಂಡು ಕೇಳಿದ್ದನ್ನು ತನ್ನ ಭಾಷೆಯಲ್ಲೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದ, ಗುರುವಾರದ ಹೊತ್ತಿಗೆ ಅಭ್ಯಾಸವಾಗಲಿ ಎಂದು.

“ಅಲ್ಲಿ ನಿನ್ನ ಮಾತಾಡ್ಸೋರು ಯಾರಾದ್ರೂ ಇರ್ತಾರೇನೋ?”

ಎದುರುಮನೆಯವರು ಕಿಟಕಿಯಿಂದ ಇಣುಕಿ, ಮಾಸ್ಟ್ರು ಬೆರಳಿಗೆ ಸೂಜಿ ಚುಚ್ಚಿಕೊಂಡಿರಬೇಕು ಎಂದುಕೊಂಡು ಒಳಗೆ ಹೋದರು.